ಒಂದೇ ಬೇರಿನ ಪದ

ಕ್ಷೌರದ ಕೊಂಡಪ್ಪ ಹಿತ್ತಲಲ್ಲಿ ಕತ್ತಿ ಮಸೆಯುತ್ತ ಕೂತಿದ್ದಾಗಲೇ ಚಿನ್ನದ ಗಣಿಯ ಬಿಳಿಯ ಎಂಜಿನಿಯರ್ ದೊರೆ ಮುಂಬಾಗಿಲಿಗೆ ಬಂದು ಕುದುರೆ ಇಳಿದ. ಆಂಡರ್ಸನ್‌ಪೇಟೆಯ ಆದಿನಾರಾಯಣ ಶಾಸ್ತ್ರಿಗಳಿಗೆ ಒಳಗೊಳಗೇ ಸಮಾಧಾನವಾಯಿತು. ದೊರೆಗೆ ಸಂಸ್ಕೃತ ಪಾಠ ಹೇಳುವಷ್ಟು ಹೊತ್ತಾದರೂ ಮಗಳ ಕೂದಲು ಉಳಿಯುತ್ತದಲ್ಲ.

ಮಗಳು ಅಶ್ವತ್ಥಮ್ಮ ಬೊಂಬೆ ಆಡುವ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಅವನ ಮುಖವೂ ಅವಳಿಗೆ ನೆನಪಿಲ್ಲ. ಹೋದ ತಿಂಗಳು ದೊಡ್ಡವಳಾದಳು. ಇನ್ನೂ ತಲೆ ಬೋಳಿಸದಿದ್ದರೆ ನಿಮ್ಮ ಮನೆಯಲ್ಲಿ ನೀರು ಮುಟ್ಟುವುದಿಲ್ಲ ಎಂದು ನೆಂಟರು ಹೇಳಿಯಾಗಿತ್ತು. ಹುಡುಗಿ ಈವತ್ತು ಬೆಳಿಗ್ಗೆ ಎದ್ದವಳೇ ಎಂದೂ ಇಲ್ಲದಷ್ಟು ಬಿಗಿಯಾಗಿ ಜಡೆ ಹೆಣೆದುಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು.

ಜಗಲಿಯ ಮೇಲೆ ದೊರೆಗೆ ಉತ್ಸಾಹವೋ ಉತ್ಸಾಹ. ಪಿತೃ ಅಂದರೆ ನಮ್ಮ ಫಾದರ್, ಮಾತೃ ಅಂದರೆ ಮದರ್, ಭ್ರಾತೃ ಅಂದರೆ ಬ್ರದರ್. ಎಲ್ಲ ಒಂದೇ ಬೇರಿನವು, ಎಷ್ಟೋ ಸಾವಿರ ವರ್ಷಗಳ ಹಿಂದೆ ಒಂದೇ ಒಲೆಯ ಸುತ್ತ ಕೂತವರು ಆಡಿದ ಮಾತುಗಳು ಎಂದು ಬಣ್ಣಿಸಿದ. ಆಮೇಲೆ, ಗಂಡ ಸತ್ತವಳಿಗೆ ಏನನ್ನುತ್ತೀರಿ ಎಂದು ಕೇಳಿದ.

ಮಗಳ ಗಂಡ ಸತ್ತಂದಿನಿಂದ ಆ ಮನೆಯಲ್ಲಿ ಯಾರೂ ಆಡದ ಪದ ಅದು.

"ವಿಧವಾ," ಎಂದಳು ಅಶ್ವತ್ಥಮ್ಮ, ಬಾಗಿಲ ಮರೆಯಿಂದ.

ದೊರೆ ತೊಡೆ ತಟ್ಟಿಕೊಂಡು ನಕ್ಕ. ವಿಡೋ, ವಿಧವಾ, ನೋಡಿ, ಇದೂ ಅದೇ ಅಂದ. ತನ್ನ ತಾಯಿಯೂ ವಿಧವೆಯಾಗಿದ್ದಳು, ಆಮೇಲೆ ತನ್ನ ತಂದೆಯನ್ನು ಮದುವೆಯಾದಳು, ತಾನು ಹುಟ್ಟಿದೆನೆಂದೂ ಹೇಳಿದ. ಅಷ್ಟು ಹಗುರವಾಗಿ ಹೇಳಿದವನು ಹ್ಯಾಟು ಹಾಕಿಕೊಂಡು ಕುದುರೆ ಏರಿ ಹೊರಟೇಹೋದ. ಪಾಪ, ಅವನಿಗೇನು ಗೊತ್ತು.

"ಸ್ವಾಮೇರೇ, ಒತ್ತಾಯ್ತದೆ," ಎಂದು ಕೊಂಡಪ್ಪ ಹಿತ್ತಲಿನಿಂದ ಕರೆದ. ಅವನ ದನಿಯಲ್ಲೂ ಜೀವವಿರಲಿಲ್ಲ.

ಅಶ್ವತ್ಥಮ್ಮ ಅಪ್ಪನ ಎದುರು ಬಂದು ನಿಂತಳು.

"ಅಪ್ಪಾ, ದೊರೆಯೋರ ಅಮ್ಮಂಗೆ ಕೂದ್ಲು ಬಿಟ್ಟಿದ್ರಾ?"

ದೊರೆಗೆ ತಿಂಗಳುಗಟ್ಟಲೆ ಒಂದೊಂದು ಪದದ ಬೇರನ್ನೂ ಅಗೆದು ತೋರಿಸಿದ್ದ ಶಾಸ್ತ್ರಿಗಳು ಹಿತ್ತಲ ಕಡೆ ನೋಡಿದರು. ಕೊಂಡಪ್ಪನಿಗೆ ಎದ್ದು ಹೋಗು ಎನ್ನಬೇಕೆಂದು ಅವರಿಗೆ ಅನಿಸಿತು. ನೆಂಟರ ಮಾತು ನೆನಪಾಯಿತು. ಹುಡುಗಿ ತಾನೇ ಹಿತ್ತಲಿಗೆ ಹೋಗಿ, ಮಣೆಯ ಮೇಲೆ ಕೂತು, ಜಡೆ ಬಿಚ್ಚತೊಡಗಿದಳು.

ಹೆಣಿಗೆ ತುಂಬ ಬಿಗಿಯಾಗಿತ್ತು. ಬಿಚ್ಚಲು ಅಪ್ಪನೂ ಕೈ ಹಾಕಬೇಕಾಯಿತು.