ಬೀಗ ಹಾಕದ ಕಾರು

"ಮೂರನೇದಕ್ಕೂ ಬೀಗ ಅಮ್ಮಾ," ಎಂದು ಹೇಝಲ್ ಪಿಸುಗುಟ್ಟಿದಳು.

"ತಲೆ ಬಗ್ಗಿಸು. ಮುಂದಿನದು ನೋಡು," ಎಂದಳು ಡಾರ್ಲಾ.

ಚರ್ಚಿನೊಳಗೆ ಪಾದ್ರಿಯ ಪ್ರಸಂಗ ಸಾಗಿತ್ತು. ಹೊರಗೆ ಅಯೋವಾದ ಆಗಸ್ಟ್ ಬಿಸಿಲು, ಸಾಲುಗಟ್ಟಿ ನಿಂತ ಕಾರುಗಳು. ಅವುಗಳ ನಡುವೆ ನಡು ಬಗ್ಗಿಸಿ ನುಸುಳುತ್ತಿದ್ದವರು ಮೂವರು: ಡಾರ್ಲಾ, ಅವಳ ಆರು ವರ್ಷದ ಮಗಳು ಹೇಝಲ್, ನಾಲ್ಕು ವರ್ಷದ ಮಗ ಓಟಿಸ್. ಚಿಕ್ಕ ಮಕ್ಕಳ ತಾಯಿ ಪ್ರಸಂಗದ ಮಧ್ಯೆ ಎದ್ದುಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಮಗುವಿಗೆ ಅವಸರವಾಗಿರಬೇಕು ಅಂದುಕೊಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತಿದ್ದ ಡಾರ್ಲಾಳ ಗಂಡನೂ ಹಾಗೆಯೇ ಅಂದುಕೊಂಡಿದ್ದ. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದೇ ಹಠ. ಮನೆ ಈ ಗತಿಗೆ ಬಂದದ್ದೂ ಆ ಹಠದಿಂದಲೇ.

ಮೂರು ದಿನದಿಂದ ಮಕ್ಕಳು ರಾತ್ರಿ ಊಟ ಮಾಡಿರಲಿಲ್ಲ. ನಿನ್ನೆಯಂತೂ ಓಟಿಸ್ ಹಸಿದ ಹೊಟ್ಟೆಯಲ್ಲೇ ಬಿಕ್ಕಿ ಬಿಕ್ಕಿ ಅತ್ತು ಮಲಗಿದ್ದ. ಹೆತ್ತ ಕರುಳು, ಕೇಳಬೇಕಲ್ಲ! ಡಾರ್ಲಾ ಮಾನ ಮರ್ಯಾದೆ ಎರಡನ್ನೂ ಗಂಟುಕಟ್ಟಿ ಅಟ್ಟಕ್ಕೆಸೆದು ಹೊರಟಿದ್ದಳು.

"ಇದು ತೆಗೆದಿದೆ!" ಎಂದ ಓಟಿಸ್.

ಡಾರ್ಲಾ ಆ ಕಾರನ್ನು ನೋಡಿ ತುಟಿ ಕಚ್ಚಿದಳು. "ಇದಾ? ಬೇಡ ಕಣೋ. ಸಿಕ್ಕಿಬಿದ್ರೆ ಊರೆಲ್ಲ ಉಗಿಯುತ್ತೆ."

"ಇವತ್ತು ರಾತ್ರಿ ನಿಜವಾದ ಊಟ ಅಂದಿದ್ದೆ ನೀನು."

ಡಾರ್ಲಾ ಸುತ್ತಲೂ ಕಣ್ಣಾಡಿಸಿದಳು. "ಸರಿ, ಬೇಗ ಬೇಗ," ಎಂದಳು. ಮಕ್ಕಳಿಬ್ಬರೂ ಒಳಗೆ ತೂರಿದರು. ಎರಡು ನಿಮಿಷವೂ ಆಗಿರಲಿಲ್ಲ, ಹೊರಬಂದು ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದರು. ಅಷ್ಟು ಹೊತ್ತು ಎರಡೂ ಕೈಯಲ್ಲಿ ಹಿಡಿದಿದ್ದ ಬಟ್ಟೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಡಾರ್ಲಾ ಮಕ್ಕಳೊಂದಿಗೆ ಪಾದ್ರಿಯ ಟ್ರಕ್ಕಿನತ್ತ ನಡೆದಳು.

ಮೇಪಲ್ ಮರದ ಹಿಂದೆ ಪೊಲೀಸ್ ಕರ್ಟಿಸ್ ಡೋನಟ್ ಡಬ್ಬಿ ಹಿಡಿದು ಹೊಂಚು ಹಾಕಿದ್ದ. ಶಿಕಾಗೋದವನು, ಈ ಊರಿಗೆ ಬಂದು ಎರಡೇ ವಾರ. ಇಲ್ಲಿಯ ಜನ ರಜೆಗೆ ಹೋದರೂ ಮನೆಗೆ ಬೀಗ ಹಾಕುವುದಿಲ್ಲ. ಆದರೆ ಆಗಸ್ಟಿನ ಭಾನುವಾರ ಚರ್ಚಿನ ಮುಂದೆ ಕಾರಿಗೆ ಮಾತ್ರ ಹಾಕುತ್ತಾರೆ. ಹೋದ ವಾರ ಮೂರು ಕಾರಿಗೆ ಯಾರೋ ಕೈ ಹಾಕಿದ್ದರಂತೆ. ಏನು ಹೋಯಿತು ಎಂದರೆ ಯಾರೂ ಬಾಯಿ ಬಿಡಲೊಲ್ಲರು, ಹಲ್ಲು ಕಡಿಯುತ್ತಾರೆ ಅಷ್ಟೆ. ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಅವನು ಬೆಳಿಗ್ಗೆಯೇ ಬಂದು ಕೂತಿದ್ದ.

ಟ್ರಕ್ಕಿನ ಬಾಗಿಲು ಮುಚ್ಚಿದ ಸದ್ದು ಕೇಳಿ ಅವನು ಹೊರಗೆ ನೆಗೆದ.

"ಅಲ್ಲೇ ನಿಲ್ಲಿ ಮೇಡಂ. ಚೀಲ ತೋರಿಸಿ."

ತೋರಿಸಿದಳು. ಒಳಗೆ ಒಂದು ಪುಟ್ಟ ಕಾಲುಚೀಲ, ಒಂದು ಅರ್ಧ ಬಿಸ್ಕತ್ತು. ಮತ್ತೇನೂ ಇಲ್ಲ. ಅಯ್ಯೋ, ಕದಿಯುವುದಕ್ಕೂ ಬರದ ಕಳ್ಳಿ ಎಂದು ಕರ್ಟಿಸನಿಗೆ ಕನಿಕರವಾಯಿತು.

"ದಮ್ಮಯ್ಯ ಸಾರ್, ನಮ್ಮೆಜಮಾನ್ರಿಗೆ ಮಾತ್ರ ಗೊತ್ತಾಗಬಾರದು," ಎಂದಳು ಡಾರ್ಲಾ. "ಮಕ್ಕಳ ಮುಖ ನೋಡಿ ಮಾಡಿಬಿಟ್ಟೆ."

ಕರ್ಟಿಸ್ ಮಂಡಿಯೂರಿ ಓಟಿಸನ ಎದುರು ಕೂತ. "ನಿನ್ನೆ ಊಟ ಮಾಡಿದ್ಯಾ ಮರಿ?"

"ಇಲ್ಲ ಅಂಕಲ್. ಮೊನ್ನೆನೂ ಇಲ್ಲ."

"ಬೆಳಿಗ್ಗೆ ತಿಂಡಿಗೂ ಬರೀ ಅದೇ..." ಎಂದು ಶುರುಮಾಡಿದ ಹೇಝಲಳ ಬಾಯಿಯನ್ನು ತಾಯಿಯ ಕೈ ಮುಚ್ಚಿತು.

ಕರ್ಟಿಸ್ ಡೋನಟ್ ಡಬ್ಬಿಯನ್ನು ಇಡಿಯಾಗಿ ಓಟಿಸನ ಕೈಗಿತ್ತ. ಹುಡುಗ ಒಂದನ್ನು ಮುರಿದು ಒಳಗೆ ಇಣುಕಿದ.

"ಇದ್ರಲ್ಲಿ ಅದು ಹಾಕಿಲ್ಲ ತಾನೆ?"

"ಯಾವುದು?"

"ಅವನಿಗೆ ಒಂದು ಪದಾರ್ಥ ಆಗಿಬರಲ್ಲ ಸಾರ್," ಎಂದು ಡಾರ್ಲಾ ತಲೆ ತಗ್ಗಿಸಿದಳು. ಅವಳ ಭುಜ ಅದುರುತ್ತಿತ್ತು. ಅಳು ನುಂಗುತ್ತಿದ್ದಾಳೆ ಎಂದುಕೊಂಡು ಕರ್ಟಿಸ್ ಮುಖ ಆಚೆ ತಿರುಗಿಸಿದ.

"ಹೋಗಿ ತಾಯಿ. ನಾನೇನೂ ನೋಡಿಲ್ಲ."

ಮೂವರೂ ಹೋದರು. ಮೂಲೆ ತಿರುಗುವವರೆಗೆ ಮೆಲ್ಲಗೆ, ಆಮೇಲೆ ಬಿದ್ದಂಬೀಳ ಓಟ.

ಪ್ರಸಂಗ ಮುಗಿದು ಜನ ಹೊರಗೆ ಬಂದರು. ಟ್ರಕ್ಕಿನ ಬಾಗಿಲು ತೆಗೆದ ಪಾದ್ರಿ "ಅಯ್ಯೋ ಕರ್ತನೇ!" ಎಂದು ಕೂಗಿಕೊಂಡರು. ಕರ್ಟಿಸ್ ಎದ್ದುಬಿದ್ದು ಓಡಿದ.

"ಏನು ಹೋಯ್ತು ಪಾಸ್ಟರ್?"

"ಹೋಗಿದ್ದಲ್ಲ ಮಾರಾಯಾ, ಬಂದಿದ್ದು!" ಪಾದ್ರಿ ಸೀಟಿನಿಂದ ಸೌತೆಯಂತಿದ್ದ ಮೊಳದುದ್ದದ ಎರಡು ಜುಕಿನಿ ಕಾಯಿಗಳನ್ನು ಎತ್ತಿ ತೋರಿಸಿದರು. "ಒಂದು ಗಿಡ ನೆಟ್ರೆ ಬೀದಿಗೆಲ್ಲ ಸಾಕು. ಇಲ್ಲಿ ಮನೆಗೆ ಆರು ನೆಡ್ತಾರೆ. ಆ ಡಾರ್ಲಾಳ ಗಂಡ ಇದಾನಲ್ಲ, ಹದಿನಾಲ್ಕು ನೆಟ್ಟಿದಾನೆ. ಒಂದನ್ನೂ ಬಿಸಾಡಬಾರದು, ಎಲ್ಲ ಖಾಲಿಯಾಗೋವರೆಗೂ ಮನೇಲಿ ಬೇರೆ ಅಡುಗೆನೇ ಇಲ್ಲ ಅಂತ ಆಣೆ ಬೇರೆ ಇಟ್ಟಿದಾನೆ. ಯಾರಿಗಾದ್ರೂ ಕೊಡೋಣ ಅಂದ್ರೆ ತಗೊಳ್ಳೋರು ಯಾರು? ಆಗಸ್ಟಲ್ಲಿ ಕಾರಿಗೆ ಬೀಗ ಮರೆತೋನು ಕೆಟ್ಟ. ನೀನು ಹಾಕಿದೀಯಾ ತಾನೆ?"

ಕರ್ಟಿಸ್ ಹಾಕಿರಲಿಲ್ಲ. ಪೊಲೀಸ್ ಕಾರಿಗೆ ಕೈ ಹಾಕುವಷ್ಟು ಗಂಡೆದೆ ಯಾರಿಗಿದ್ದೀತು ಎಂದುಕೊಂಡಿದ್ದ.

ಅವನ ಕಾರಿನ ಮುಂದಿನ ಸೀಟಿನಲ್ಲಿ ಐದು ಜುಕಿನಿಗಳು ಸೀಟ್ ಬೆಲ್ಟ್ ಬಿಗಿಸಿಕೊಂಡು ಕೂತಿದ್ದವು. ಅವುಗಳ ಮಡಿಲಲ್ಲಿ ಒಂದು ಚೀಟಿ, ಅದರಲ್ಲಿ ಕೆಂಪು ಬಳಪದ ಕಾಗೆಕಾಲು ಗುಬ್ಬಿಕಾಲು ಅಕ್ಷರ: "ನೀವೇ ತಿನ್ನಿ. ನಾವು ಹದಿನೆಂಟು ದಿನ ತಿಂದಿದೀವಿ."