ಅರ್ಧ ಚಿಪ್ಪು ಕಾವಾ

೨೦೧೬ರ ಜೂನ್ ೧೭, ಶುಕ್ರವಾರ, ಸಂಜೆ ಏಳು ಗಂಟೆ ನಲವತ್ತು ನಿಮಿಷ. ಟೋಂಗಾದ ಚರ್ಚೊಂದರ ಹಜಾರದಲ್ಲಿ, ಕುಡಿದಷ್ಟೂ ತೂಕಡಿಕೆ ತರಿಸುವ ಬೇರಿನ ಪಾನೀಯ ಕಾವಾದ ಬಟ್ಟಲಿನ ಹಿಂದೆ ಕೂತು ಬಡಿಸುತ್ತಿದ್ದ ಫುಸಿ ತೆಂಗಿನ ಚಿಪ್ಪನ್ನು ಸೆಮಿಸಿಗೆ ನೀಡುವಷ್ಟರಲ್ಲಿ ಹಲೋತಿ ತಾತ ಕೇಳಿದ: "ಏನವ್ವಾ, ಇವನೇನು ಪಾಪ ಮಾಡಿದ್ದಾನೆ? ಆಗ್ಲಿಂದ ಇವನಿಗೆ ಅರ್ಧ ಚಿಪ್ಪೇ ಹಾಕ್ತಿದ್ದೀಯ."

ಸುತ್ತ ಕೂತಿದ್ದ ಗಂಡಸರು ನಕ್ಕರು. ಫುಸಿ ಚಿಪ್ಪಿನೊಳಗೆ ನೋಡಿದಳು. ತಾತ ಹೇಳಿದ್ದು ನಿಜವಾಗಿತ್ತು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಿನವಿಡೀ ಅಳೆದು ಹಾಕುವ ಕೈ ಅವಳದು, ಅಳತೆ ತಪ್ಪುವಂಥದ್ದಲ್ಲ. ಸೆಮಿಸಿ, ಲೋಪೆತಿ ಇಬ್ಬರೂ ಅವಳನ್ನು ಮದುವೆಗೆ ಕೇಳಿದ್ದರು. ಭಾನುವಾರದೊಳಗೆ ಒಂದು ಹೆಸರು ಹೇಳು ಎಂದು ಸೋದರತ್ತೆ ಗಡುವು ಕೊಟ್ಟಿದ್ದಳು. ಸದಾ ನಗಿಸುವ ಲೋಪೆತಿಯ ಹೆಸರು ಅವಳ ನಾಲಿಗೆಯ ತುದಿಗೆ ಬಂದೂ ಆಗಿತ್ತು.

"ನಂಗೆ ಮಾತ್ರ ತುಂಬಿ ತುಳುಕೋ ಹಾಗೆ ಹಾಕ್ತಾಳೆ ತಾತ. ಇನ್ನೇನು ಬೇಕು?" ಎಂದ ಲೋಪೆತಿ, ಆಕಳಿಸುತ್ತ.

"ಅದಕ್ಕೇ ಕಣೋ ದಡ್ಡ, ನೀನು ಆಗ್ಲೇ ತೂಕಡಿಸ್ತಿದ್ದೀಯ. ಇನ್ನೆರಡು ಸುತ್ತು ಕುಡಿದ್ರೆ ಮನೆ ಸೇರ್ತೀಯ. ಇವನು ಕೊನೇವರೆಗೂ ಎದ್ದು ಕೂತಿರ್ತಾನೆ."

ಸೆಮಿಸಿ ಕುಡಿದು ಚಿಪ್ಪನ್ನು ಹಿಂದಿರುಗಿಸಿದ. ಫುಸಿಗೆ ಏನೂ ತಿಳಿಯದಾಯಿತು. ಲೋಪೆತಿಗೆ ತುಂಬಿಸಿದ್ದು ಪ್ರೀತಿಯೋ, ಬೇಗ ಸಾಗಹಾಕುವ ಉಪಾಯವೋ? ಸೆಮಿಸಿಯ ಸರದಿ ಮತ್ತೆ ಬಂದಾಗ, ಈ ಸಲ ಅಂಚಿನವರೆಗೂ ತುಂಬಿಸಲೇಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡು ಸುರಿದಳು. ಕೈ ತಾನಾಗಿಯೇ ನಿಂತಿತು. ಅಂಚಿಗೆ ಇನ್ನೂ ಎರಡು ಸೆಂಟಿಮೀಟರ್ ಬಾಕಿ ಇತ್ತು.