ಪಾಲಣ್ಣನ ಅಣ್ಣ

"ಪಾಲಣ್ಣ ಅಂದ್ರೆ ನಾನು ಕಣವ್ವ. ಗಣೆ ಊದ್ತಿದ್ದೋನು ನಮ್ಮಣ್ಣ," ಎಂದ ಪಾಲಣ್ಣ. ಈ ಮಾತು ಹೇಳಿ ಹೇಳಿ ಅವನ ಬಾಯಿ ಸೋತುಹೋಗಿತ್ತು.

ಕುರಿ ಮೇಯುವ ಕಾವಲಿನ ಪಕ್ಕದ ಸಂಶೋಧನಾ ಕೇಂದ್ರದಿಂದ ಬಂದಿದ್ದ ಐಶ್ವರ್ಯ ಒಮ್ಮೆ ಕೈಯಲ್ಲಿದ್ದ ಕಾಗದ ನೋಡಿದಳು, ಒಮ್ಮೆ ಜಗಲಿಯ ಮೇಲೆ ಕೂತ ಕುರಿಗಾಹಿ ಮುದುಕನನ್ನು ನೋಡಿದಳು. ಮಂಗಳ, ಗುರು ಎರಡು ಗ್ರಹಗಳ ನಡುವೆ ಸುತ್ತುವ ಒಂದು ಕಲ್ಲಿಗೆ, ಹೋದ ವರ್ಷ ತೀರಿಕೊಂಡ ಗಣೆಗಾರನ ಹೆಸರಿಡಬೇಕೆಂದು ಅವಳ ತಂಡ ತೀರ್ಮಾನಿಸಿತ್ತು. ಮಾರುದ್ದದ ಆ ಬಿದಿರ ಕೊಳಲನ್ನು ನಾಡಿನವರೆಲ್ಲ ಕೇಳುವಂತೆ ಊದಿದವನು ಅವನೊಬ್ಬನೇ. ಹೆಸರು ಕಳಿಸಲು ಇವತ್ತೇ ಕಡೆಯ ದಿನ. ಮನೆಯವರಿಗೊಂದು ಮಾತು ತಿಳಿಸಿ ಹೋಗೋಣವೆಂದು ಹಟ್ಟಿಗೆ ಬಂದರೆ, ಕಾಗದದಲ್ಲಿ ಸತ್ತಿದ್ದ ಪಾಲಣ್ಣ ಎದುರಿಗೇ ಕೂತು ಬೀಡಿ ಹಚ್ಚುತ್ತಿದ್ದ.

ತಪ್ಪು ಆದದ್ದು ನಲವತ್ತು ವರ್ಷಗಳ ಹಿಂದೆ. ಗಣೆ ರೆಕಾರ್ಡು ಮಾಡಿಕೊಂಡು ಹೊರಟ ರೇಡಿಯೋದವರು, ಬಾಗಿಲಲ್ಲಿ ನಿಂತಿದ್ದ ಗಣೆಗಾರನ ಹೆಂಡತಿ ಜುಂಜಮ್ಮನನ್ನು ಯಜಮಾನರ ಹೆಸರೇನೆಂದು ಕೇಳಿದರು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂದು ನಂಬಿದವಳು ಅವಳು. "ಪಾಲಣ್ಣನ ಅಣ್ಣ" ಎಂದಳು. ಬರೆದುಕೊಳ್ಳುವವನಿಗೆ ಬಸ್ಸಿನ ಅವಸರ. ಪಾಲಣ್ಣ ಎಂದಷ್ಟೇ ಗೀಚಿಕೊಂಡು ಓಡಿದ. ರೇಡಿಯೋದಲ್ಲಿ ಒಮ್ಮೆ ಬಂದ ಹೆಸರು ಅಲ್ಲೇ ಬೇರುಬಿಟ್ಟಿತು. ಆಮೇಲಿನ ಶಾಲು, ಪ್ರಶಸ್ತಿ, ಫಲಕ ಎಲ್ಲದರ ಮೇಲೂ ಪಾಲಣ್ಣನೇ. ತಮ್ಮನ ಹೆಸರು ತಾನೆ, ಇರಲಿ ಬಿಡು ಎಂದು ಅಣ್ಣ ನಕ್ಕು ಸುಮ್ಮನಾದ. ತಮ್ಮ ಸುಮ್ಮನಾಗಲಿಲ್ಲ, ಹೋದಲ್ಲಿ ಬಂದಲ್ಲಿ ನಿಜ ಹೇಳಿದ. ಊದಲು ಬಾರದವನ ಹೊಟ್ಟೆಕಿಚ್ಚು ಎಂದರು ಜನ. ಅಣ್ಣ ಸತ್ತ ಮರುದಿನ ಪೇಪರಿನಲ್ಲಿ ಪಾಲಣ್ಣ ನಿಧನ ಎಂದು ಬಂತು. ಪರಶುರಾಂಪುರದಿಂದ ಹಾರ ಹಿಡಿದು ಬಂದವರಿಗೆ ಪಾಲಣ್ಣನೇ ಚೊಂಬಿನಲ್ಲಿ ನೀರು ಕೊಟ್ಟು ಕೂರಿಸಿದ.

ಐಶ್ವರ್ಯಳಿಗೂ ಸಾಕಾಗಿತ್ತು. ನಲವತ್ತು ವರ್ಷದ ಕಾಗದಗಳೆಲ್ಲ ಒಂದು ಹೆಸರು ಹೇಳುತ್ತಿರುವಾಗ ತಮ್ಮನೊಬ್ಬನ ಮಾತನ್ನು ತಂಡದವರು ಒಪ್ಪುವುದಿಲ್ಲ ಎಂದಳು. ರೇಷನ್ ಕಾರ್ಡು ಮೊಳಕಾಲ್ಮುರುವಿನ ಮಗಳ ಮನೆಯಲ್ಲಿತ್ತು. ಇದ್ದಿದ್ದರೂ ಗಣೆ ಊದಿದ್ದು ಯಾರೆಂದು ಅದರಲ್ಲೇನು ಬರೆದಿರುತ್ತದೆ? ಹೆಂಡತಿಯೇ ಬಾಯಿಬಿಟ್ಟು ಹೇಳಿದರೆ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಈಗಲೇ ತಿದ್ದುತ್ತೇನೆ, ಹೆಸರು ಒಮ್ಮೆ ಹೋದರೆ ಮತ್ತೆ ತಿದ್ದುವುದು ಕಷ್ಟ ಎಂದಳು.

ಜುಂಜಮ್ಮ ಮೊರ ಮುಂದಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು.

"ನಾನ್ ಹೇಳಿದ್ರೆ ಯಾರೂ ನಂಬಲ್ಲ. ತಪ್ಪು ನಿಂದು, ನೀನೇ ಹೇಳು ಅತ್ತಿಗೆ," ಎಂದ ಪಾಲಣ್ಣ. "ಹೋದೋನಿಗೆ ಇನ್ನೆಲ್ಲಿ ಆಯಸ್ಸು?"

ಜುಂಜಮ್ಮನಿಗೆ ಹಾಗನ್ನಿಸುತ್ತಿರಲಿಲ್ಲ. ಅರವತ್ತು ವರ್ಷ ನಾಲಿಗೆ ಕಚ್ಚಿ ಹಿಡಿದಿದ್ದಕ್ಕೇ ಅವನು ಎಂಬತ್ತು ದಾಟಿದ್ದು ಎಂದು ಅವಳಿಗೆ ಖಾತ್ರಿಯಿತ್ತು. ಆದರೆ ತಾನು ಅಂದು ಹೆಸರು ಹೇಳದಿದ್ದರಿಂದಲೇ ಅವನು ತನ್ನ ಹೆಸರಿಲ್ಲದೆ ಹೋದ ಎಂಬ ಸಂಕಟವೂ ಅಷ್ಟೇ ಇತ್ತು. ಎರಡನ್ನೂ ಹೊತ್ತು ಅವಳು ದಣಿದಿದ್ದಳು. ಮೊರ ಖಾಲಿಯಾಗುವ ತನಕ ಸುಲಿದಳು. ಐಶ್ವರ್ಯ ಎರಡು ಸಲ ಗಡಿಯಾರ ನೋಡಿಕೊಂಡಳು.

"ಆ ಕಲ್ಲು ಎಷ್ಟು ವರ್ಸ ಇರ್ತೈತೆ ತಾಯಿ?" ಕೊನೆಗೆ ಜುಂಜಮ್ಮ ಕೇಳಿದಳು.

"ಕೋಟಿ ಕೋಟಿ ವರ್ಷ ಇರ್ತೈತೆ ಅಜ್ಜಿ. ನಾವ್ಯಾರೂ ಇರಲ್ಲ, ಅದಿರ್ತೈತೆ."

ಜುಂಜಮ್ಮ ಮಡಿಲಲ್ಲಿದ್ದ ಸಿಪ್ಪೆ ಕೊಡವಿ, ತಲೆಯ ಮೇಲೆ ಸೆರಗು ಹೊದ್ದುಕೊಂಡಳು.

"ಹಂಗಾದ್ರೆ ಆಯಸ್ಸು ಒಂದೀಟು ಕಮ್ಮಿಯಾದ್ರೂ ನಡೀತೈತೆ," ಎಂದು ಫೋನಿನ ಕಡೆ ಬಾಗಿ, ಕಣ್ಣು ಮುಚ್ಚಿಕೊಂಡು ಹೇಳಿದಳು: "ಸಣ್ಣತಿಮ್ಮಪ್ಪ."